ಎರಡನೇ ಕೂಗು

ನನ್ನ ತಂಗಿ ತುಗಿನೆಮ್ ಆರು ವರ್ಷಗಳ ಕಾಲ, ಪ್ರತಿದಿನ ಬೆಳಿಗ್ಗೆ, ನನ್ನ ಅಂಗಡಿಯ ಮುಂದೆಯೇ ಹಾದು ಹೋದಳು. ಒಂದು ದಿನವೂ ನನ್ನ ಮುಖ ನೋಡಲಿಲ್ಲ. ಬೇರೆ ದಾರಿ ಇದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದಳೇನೋ. ಆದರೆ ಬೆಟ್ಟಕ್ಕೆ ಇರುವುದು ಒಂದೇ ದಾರಿ, ಅದು ಎರಡನೇ ತಂಗುದಾಣದಲ್ಲಿ ನನ್ನ ಒಲೆಯ ಮಗ್ಗುಲಿಗೇ ಬರುತ್ತದೆ. ಅವಳ ಬೆನ್ನ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ನೀರಿನ ಕ್ಯಾನು, ಎಣ್ಣೆ, ಬಜ್ಜಿಗೆ ಹೆಚ್ಚಿದ ತೆಂಪೆ ಎಂಬ ಸೋಯಾ ಬಿಲ್ಲೆ, ಬಾಳೆಲೆಯಲ್ಲಿ ಕಟ್ಟಿದ ಅನ್ನ. ಹಣೆ ನೆಲಕ್ಕೆ ತಾಗುವಷ್ಟು ಬಾಗಿಕೊಂಡು ಹತ್ತುತ್ತಿದ್ದಳು. ಅಷ್ಟು ಬಾಗಿದವಳಿಗೆ ನನ್ನನ್ನು ನೋಡದೆ ಹೋಗುವುದು ಸುಲಭ. ನನಗೇ ಕಷ್ಟ, ನಾನು ನೆಟ್ಟಗೆ ಕೂತಿರುತ್ತಿದ್ದೆ.

ಅವಳ ಅಂಗಡಿ ಮೂರನೇ ತಂಗುದಾಣದಲ್ಲಿ, ಮರಗಳು ಮುಗಿದು ಕಪ್ಪು ಮರಳು ಶುರುವಾಗುವ ಕಡೆ. ಗಂಡ ಮಲೇಷ್ಯಾಕ್ಕೆ ಕೆಲಸಕ್ಕೆಂದು ಹೋದವನು ಪತ್ತೆಯಿಲ್ಲದಂತಾದ ಮೇಲೆ ಅವಳು ಹಾಕಿದ ಅಂಗಡಿ ಅದು. ಹಾಕಲಿ, ನನಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಇತ್ತು. ಆದರೆ ಜಗಳ ಬಂದದ್ದು ಅದಕ್ಕಲ್ಲ. ಬೆಟ್ಟ ಹತ್ತಲು ಬಂದ ಒಬ್ಬನ ಹತ್ತಿರ ಅವಳು, "ಕೆಳಗಿನ ಅಂಗಡೀಲಿ ಬಜ್ಜಿ ತಿನ್ಬೇಡಿ, ಅಲ್ಲಿ ಎಣ್ಣೆ ಹಳೇದು" ಎಂದಳಂತೆ. ಆ ಮಹಾಶಯ ಇಳಿಯುವಾಗ ನನ್ನ ಬಜ್ಜಿಯನ್ನೇ ತಿನ್ನುತ್ತಾ ನನಗೆ ಈ ವರದಿ ಒಪ್ಪಿಸಿದ. ನನ್ನ ಎಣ್ಣೆ! ನಮ್ಮಮ್ಮ ಕಲಿಸಿದ ಹಾಗೆ ಸೋಸಿ, ಮುಚ್ಚಿಟ್ಟು ಬಳಸುವವಳು ನಾನು.

ಚಿಕ್ಕಪ್ಪನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಕೂತು ಈರುಳ್ಳಿ ಸುಲಿಯುತ್ತಿದ್ದಾಗ ನಾನೂ ಒಂದು ಮಾತು ಬಿಟ್ಟೆ. "ಕಟ್ಕೊಂಡ ಗಂಡನ್ನ ಉಳಿಸ್ಕೊಳ್ಳೋಕಾಗದೋರು ನನ್ನ ಎಣ್ಣೆ ಸುದ್ದಿಗೆ ಬರ್ತಾರೆ" ಎಂದೆ. ಚಾಕುಗಳೆಲ್ಲ ಒಮ್ಮೆಗೇ ನಿಂತವು. ತುಗಿನೆಮ್ ತನ್ನ ಚಾಕುವನ್ನು ಒರೆಸಿ, ತಟ್ಟೆಯ ಪಕ್ಕ ಇಟ್ಟು, ಎದ್ದು ಹೋದಳು. ಕೆಲವು ದಿನ ಬಿಟ್ಟು ನಾನೇ ಅವಳ ಮನೆಗೆ ಹೋದೆ. ಬಾಗಿಲು ಹಾಕಿತ್ತು, ಅಡುಗೆಮನೆಯ ಹೊಗೆ ಸೂರಿನಿಂದ ಬರುತ್ತಿತ್ತು. "ತುಗೀ" ಎಂದು ಕರೆದೆ. ಉತ್ತರವಿಲ್ಲ. ಬೇಡವಾದರೆ ಬಿಡು, ನನಗೂ ಬೇಡ ಎಂದು ತಿರುಗಿ ಬಂದೆ. ಅಲ್ಲಿಗೆ ಮುಗಿಯಿತು.

ಇನ್ನು ಬೆಟ್ಟದ ವಿಷಯ. ನಮ್ಮ ಬೆಟ್ಟವನ್ನು ನಾವು ಹೆಸರಿಟ್ಟು ಕರೆಯುವುದಿಲ್ಲ, ಅಜ್ಜ ಎನ್ನುತ್ತೇವೆ. ಹೊಗೆ ಎದ್ದರೆ ಅಜ್ಜ ಒಲೆ ಹಚ್ಚಿದ, ನೆಲ ಅಲುಗಿದರೆ ಮಗ್ಗುಲು ಬದಲಿಸಿದ, ತುದಿಗೆ ಮೋಡ ಕೂತರೆ ಟೋಪಿ ಹಾಕಿಕೊಂಡ. ಚಳಿ, ಬಿರುಗಾಳಿ ಎಂಬ ಮಾತುಗಳನ್ನು ಮೇಲೆ ಯಾರೂ ಬಾಯಿಗೆ ತರುವುದಿಲ್ಲ. ನಮ್ಮ ಸ್ವಂತ ಹೆಸರುಗಳನ್ನೂ ಅಷ್ಟೇ, ಕೊನೆಯ ಹೊಲದ ಬೇಲಿಯ ಹತ್ತಿರ ಬಿಟ್ಟು ಹತ್ತುತ್ತೇವೆ. ಜೊತೆಗೆ ಬೆಟ್ಟ ಹತ್ತುವ ಇಬ್ಬರು ಒಬ್ಬರಿಗೊಬ್ಬರು ಒಂದೊಂದು ಕೆಟ್ಟ ಹೆಸರು ಕೊಟ್ಟುಕೊಳ್ಳಬೇಕು. ಅಜ್ಜನಿಗೆ ಆಸೆ ಹುಟ್ಟಬಾರದು, ಅಂಥ ಹೆಸರು. ಅದು ಆ ಇಬ್ಬರಿಗೆ ಮಾತ್ರ ಗೊತ್ತಿರಬೇಕು. ಮೂರನೆಯವರ ಕಿವಿಗೆ ಬಿದ್ದರೆ ಹೆಸರು ಕೆಟ್ಟಿತು, ಬೇರೆ ಇಟ್ಟುಕೊಳ್ಳಬೇಕು.

ಮಂಜಿನಲ್ಲಿ ಯಾರಾದರೂ ನಿಮ್ಮ ನಿಜವಾದ ಹೆಸರು ಕೂಗಿದರೆ ಅದು ಮನುಷ್ಯರಲ್ಲ. ಓ ಎನ್ನಬಾರದು, ಆ ದನಿಯಿಂದ ದೂರ ನಡೆಯಬೇಕು. ಆ ಕೆಟ್ಟ ಹೆಸರು, ಅಂದರೆ ನಿಮ್ಮ ಬೆಟ್ಟದ ಹೆಸರು, ಕೂಗಿದರೂ ಮೊದಲ ಸಲಕ್ಕೆ ಓ ಎನ್ನಬಾರದು. ಅಜ್ಜನಿಗೆ ತಾಳ್ಮೆಯಿಲ್ಲ, ಒಂದೇ ಸಲ ಕರೆದು ನೋಡುತ್ತಾನೆ. ಇನ್ನೊಂದು ಸಲ ಕರೆಯುವವರು ಮನುಷ್ಯರು ಮಾತ್ರ. ಆಮೇಲೆ 'ಯಾರು' ಎಂದು ಕೇಳಬೇಕು. ಕರೆದವರು ತಮ್ಮ ಬೆಟ್ಟದ ಹೆಸರು ಹೇಳಬೇಕು. ಇದನ್ನೆಲ್ಲ ನಂಬುತ್ತೀರಾ ಎಂದು ಪಟ್ಟಣದವರು ನಗುತ್ತಾ ಕೇಳುತ್ತಾರೆ. ಕೆಳಗೆ ಕೂತು ಕೇಳಿದರೆ ಗೊತ್ತಿಲ್ಲಪ್ಪ ಎನ್ನುತ್ತೇನೆ, ಮೇಲೆ ಕೂತು ಕೇಳಿದರೆ ಮಾತು ಬದಲಿಸುತ್ತೇನೆ.

ತುಗಿನೆಮ್‌ಳನ್ನು ಮೊದಲ ಸಲ ಬೆಟ್ಟಕ್ಕೆ ಕರೆದುಕೊಂಡು ಹೋದವಳು ನಾನೇ, ಮೇಕೆಗೆ ಹುಲ್ಲು ಕೊಯ್ಯಲು. ನನ್ನ ಸೊಂಟದೆತ್ತರ ಇದ್ದಳು. ಅನ್ನ ಬೇಯಿಸಿದ ಮಡಕೆಯ ತಳಕ್ಕೆ ಹತ್ತಿದ ಸೀಕಲೆಂದರೆ ಅವಳಿಗೆ ಪ್ರಾಣ, ಕೆರೆದು ಕೆರೆದು ತಿನ್ನುತ್ತಿದ್ದಳು. ಅದಕ್ಕೇ 'ಸೀಕಲು' ಎಂದು ಹೆಸರಿಟ್ಟೆ. ಅವಳು ನನ್ನ ಕೂದಲನ್ನೂ ಮೂಗಿನ ತುದಿಯ ಸಿಟ್ಟನ್ನೂ ನೋಡಿ 'ಮೋಟು ಪೊರಕೆ' ಎಂದಳು. ಅವಳು ಬೇರೆ ಯಾರ ಜೊತೆಗೂ ಬೆಟ್ಟ ಹತ್ತಿದವಳಲ್ಲ. ಗಂಡ ಸಮುದ್ರದ ಕಡೆಯವನು, ನಮ್ಮ ಮೊದಲ ತಿರುವಿನಲ್ಲೇ ಏದುಸಿರು ಬಿಡುತ್ತಿದ್ದ. ಹಾಗಾಗಿ ಅವಳ ಬೆಟ್ಟದ ಹೆಸರು ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ಈಗ ನಿಮಗೆ ಹೇಳಬಹುದು, ಯಾಕೆಂದರೆ ಆ ಎರಡೂ ಹೆಸರು ಕೆಟ್ಟುಹೋದವು. ಹೇಗೆ ಕೆಟ್ಟವು ಎನ್ನುವುದೇ ಈ ಕಥೆ.

ಬೇಸಿಗೆ ಪೂರ್ತಿ ಬಿಟ್ಟಿಲ್ಲ, ಮಳೆ ಇನ್ನೂ ಹಿಡಿದಿಲ್ಲ, ಅಂಥ ಸಮಯ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಎದುರು ಬೆಟ್ಟದ ಎಲೆಕೋಸಿನ ಮಡಿಗಳು ಕೂಡ ಎದ್ದು ಕಾಣುತ್ತಿದ್ದವು. ಎದುರು ಬೆಟ್ಟ ಹಾಗೆ ಹತ್ತಿರ ಬಂದಂತೆ ಕಂಡರೆ ನನಗೆ ಸರಿಹೋಗುವುದಿಲ್ಲ. ಗಾಳಿ ತೆಂಕಲಿಗೆ ತಿರುಗಿತ್ತು. ನನ್ನ ತಗಡಿನ ಮೇಲೆ ದಿನಾ ಗಲಾಟೆ ಮಾಡುವ ಗೊರವಂಕಗಳು ಎದ್ದು ಕೆಳಗಿನ ಕಾಡಿಗೆ ಹೋಗಿದ್ದವು. ತುದಿಯಲ್ಲಿ ಇಷ್ಟೇ ಇಷ್ಟು ಬಿಳಿ ಮೋಡ.

ತುಗಿನೆಮ್ ಬಾಗಿಕೊಂಡು ಬಂದಳು. ನಾನು ಒಲೆಯ ಮೇಲಿನ ಕೆಟಲಿನ ಜೊತೆ ಮಾತಾಡಿದೆ.

"ನೋಡೇ ಕೆಟಲೀ, ಅಜ್ಜ ಇಷ್ಟು ಬೆಳಿಗ್ಗೇನೇ ಟೋಪಿ ಹುಡುಕ್ತಾ ಇದಾನೆ. ಇವತ್ತು ಮೇಲೆ ಹೋಗೋರಿಗೆ ತಲೆ ಸರಿ ಇದೆಯಾ?"

ಆರು ವರ್ಷದಿಂದ ನಮ್ಮ ಮಾತುಕತೆ ನಡೆಯುತ್ತಿದ್ದುದೇ ಹೀಗೆ. ಅವಳು ಬುಟ್ಟಿಯ ಪಟ್ಟಿ ಸರಿಮಾಡುವ ನೆಪದಲ್ಲಿ ನಿಂತಳು, ಬುಟ್ಟಿಗೆ ಹೇಳಿದಳು.

"ಕೇಳಿಸ್ತೇನೇ ಬುಟ್ಟಿ? ಕೆಲವರಿಗೆ ಗಿರಾಕಿ ಬರದಿದ್ರೆ ಬರೀ ಟೋಪಿನೇ ಕಾಣತ್ತೆ."

"ಹಕ್ಕಿಗಳೂ ಇಳಿದ್ಹೋದ್ವು ಕಣೇ ಕೆಟಲೀ. ಹಕ್ಕಿಗಿರೋ ಬುದ್ಧಿ ಕೆಲವರಿಗಿಲ್ಲ."

"ಹಕ್ಕಿಗೇನು ಪಾಪ, ಹಳೇ ಎಣ್ಣೆ ವಾಸನೆ ತಡೀಲಾರದೆ ಹೋಗಿರ್ತವೆ. ನಡಿಯೇ ಬುಟ್ಟಿ."

ಹೊರಟೇಬಿಟ್ಟಳು. ನನ್ನ ಕೈಯಲ್ಲಿದ್ದ ಸೌಟನ್ನು ಅವಳ ಬೆನ್ನಿಗೆ ಬೀಸಿ ಒಗೆಯಬೇಕು ಅನ್ನಿಸಿತು. ಎದ್ದು ಬುಟ್ಟಿ ಹಿಡಿದು ನಿಲ್ಲಿಸಿ, ಹೋಗಬೇಡ ಕಣೇ ಎಂದಿದ್ದರೆ ನಿಲ್ಲುತ್ತಿದ್ದಳೋ ಏನೋ. ನನ್ನ ಪಾಲಿನದು ಹೇಳಿಯಾಯಿತು, ಇನ್ನು ಅವಳುಂಟು ಅವಳ ಬುಟ್ಟಿಯುಂಟು ಎಂದುಕೊಂಡು ಬಜ್ಜಿಯ ಹಿಟ್ಟು ಕಲಸಿದೆ.

ಮಧ್ಯಾಹ್ನದ ಹೊತ್ತಿಗೆ ಅಜ್ಜ ಟೋಪಿಯಷ್ಟೇ ಅಲ್ಲ, ಕಂಬಳಿಯನ್ನೂ ಹೊದ್ದ. ಮೊದಲು ಗಾಳಿ ಬಂತು. ನನ್ನ ಟಾರ್ಪಾಲಿನ ಒಂದು ಮೂಲೆ ಕಿತ್ತು ಮರಕ್ಕೆ ಸುತ್ತಿಕೊಂಡಿತು. ಆಮೇಲೆ ಮಳೆ, ಮಳೆಯ ನಡುವೆ ಆಲಿಕಲ್ಲು. ಸ್ವಲ್ಪ ಹೊತ್ತು ಬಿಸಿಲೂ ಬಂತು, ಎಲ್ಲ ಮುಗಿಯಿತು ಅನ್ನುವ ಹಾಗೆ. ಮತ್ತೆ ಕತ್ತಲು ಕವಿದು ಮೊದಲಿಗಿಂತ ಜೋರಾಗಿ ಹೊಡೆಯಿತು. ಹತ್ತುತ್ತಿದ್ದವರು ಒಬ್ಬೊಬ್ಬರಾಗಿ ಓಡಿ ಇಳಿದರು. ನಾನು ಶುಂಠಿ ಕಷಾಯ ಬಗ್ಗಿಸುತ್ತಾ, ಇಳಿಯುವ ಪ್ರತಿ ಮುಖವನ್ನೂ ನೋಡುತ್ತಿದ್ದೆ. ತುಗಿನೆಮ್ ಬರಲಿಲ್ಲ.

ಕೊನೆಗೆ ಸೆಮಾರಾಂಗ್ ಪಟ್ಟಣದ ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಇಬ್ಬರೂ ಒಂದೇ ನೀಲಿ ಟಾರ್ಪಾಲಿನೊಳಗೆ ಸೇರಿಕೊಂಡಿದ್ದರು. ಆ ಟಾರ್ಪಾಲು ಯಾವುದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು, ತುಗಿನೆಮ್‌ಳ ಅಂಗಡಿಯ ಮಾಡು ಅದು.

"ಇದು ನಿಮಗೆಲ್ಲಿ ಸಿಕ್ತು?" ಎಂದೆ.

"ಮೇಲಿನ ಅಂಗಡಿ ಅಮ್ಮ ಕೊಟ್ರು," ಎಂದಳು ಹುಡುಗಿ, ಹಲ್ಲು ಕಟಕಟಿಸುತ್ತಾ. "ನಾವು ಮರಳಲ್ಲಿ ದಾರಿ ತಪ್ಪಿದ್ವಿ. ಅವರೇ ಹತ್ತಿ ಬಂದು ಕರ್ಕೊಂಡು ಬಂದ್ರು. ನಮ್ ಜೊತೆ ಇನ್ನೊಬ್ಬ ಇದ್ದ, ಯೋಗಾ ಅಂತ, ದಪ್ಪ ಕನ್ನಡಕ. ಅವ್ನು ಸಿಗ್ಲಿಲ್ಲ. ಅಮ್ಮ ಅವನ್ನ ಹುಡುಕೋಕೆ ವಾಪಸ್ ಹೋದ್ರು."

ಹುಡುಗ ಫೋನಿಗೆ ಸಿಗ್ನಲ್ ಹುಡುಕಿ ಕೆಳಗಿನ ಚೌಕಿಗೆ ಸುದ್ದಿ ಮುಟ್ಟಿಸಿದ. ಅವನು ಫೋನು ಇಡುವಷ್ಟರಲ್ಲಿ ನನ್ನ ಅಂಗಡಿಯ ಹಿಂದಿನ ಪೊದೆ ಅಲುಗಿತು. ಕನ್ನಡಕ ಒರೆಸಿಕೊಳ್ಳುತ್ತಾ, ಬಿಸ್ಕತ್ತು ಅಗಿಯುತ್ತಾ ಒಬ್ಬ ಹೊರಬಂದ. ಹುಲ್ಲಿನವರ ಹಳೆಯ ಕಾಲುದಾರಿಗೆ ಸಿಕ್ಕಿ, ಮೂರನೇ ತಂಗುದಾಣವನ್ನು ಬಳಸಿ ನೇರ ಇಳಿದುಬಿಟ್ಟಿದ್ದ.

"ನೀವೆಲ್ಲ ಎಲ್ಲಿ ಹೋಗಿದ್ರಿ?" ಎಂದು ಅವನೇ ಸಿಟ್ಟಿನಿಂದ ಕೇಳಿದ.

ಅವನನ್ನು ಬಯ್ಯಲು ನನ್ನ ಬಾಯಲ್ಲಿ ಪದಗಳು ಸಾಲುಗಟ್ಟಿ ನಿಂತಿದ್ದವು, ಆದರೆ ಅದೇ ಹೊತ್ತಿಗೆ ಗಾಳಿ ನಿಂತಿತು. ಎಲೆಯೊಂದೂ ಅಲುಗಲಿಲ್ಲ. ಮಂಜು ಮರಗಳ ನಡುವೆ ಇಳಿದು ಕೂತಿತು. ಆಗ ನನಗೆ ನಿಜವಾಗಿ ಭಯವಾಯಿತು. ಬೆಟ್ಟದ ಬಾಯಿಂದ ಬರುವ ಗಂಧಕದ ಉಸಿರು ಗಾಳಿ ಇರುವ ತನಕ ಹಾರಿಹೋಗುತ್ತದೆ. ಗಾಳಿ ನಿಂತರೆ ಅದು ತಗ್ಗುಗಳಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ, ಅಲ್ಲಿ ಕೂತವರು ನಿದ್ದೆ ಬಂದವರಂತೆ ಒರಗುತ್ತಾರೆ. ಹೀಗೆ ಒರಗಿದ ಇಬ್ಬರನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ತಂಗಿ ಅಲ್ಲಿ ಮೇಲೆ, ನನ್ನ ಒಲೆಯ ಮುಂದೆ ಕೂತು ಬಿಸ್ಕತ್ತು ತಿನ್ನುತ್ತಿರುವವನನ್ನು ಹುಡುಕುತ್ತಿದ್ದಳು.

ಚೌಕಿಯಿಂದ ಐದು ಜನ ಬಂದರು, ಎಲ್ಲ ಪಟ್ಟಣದ ಕಾಲೇಜಿನವರು, ರಜೆಯಲ್ಲಿ ಪುಕ್ಕಟೆಯಾಗಿ ಈ ಕೆಲಸ ಮಾಡುವವರು. ಅವರ ಮುಂದಾಳು ವೆನಿಂಗ್ ಎಂಬ ಹುಡುಗಿ. ನನ್ನ ಮಾತನ್ನು ನಿಂತು ಕೇಳಿದಳು, ಹೆಗಲಿಗೆ ಹಗ್ಗ ಏರಿಸಿದಳು, "ಕರ್ಕೊಂಡೇ ಬರ್ತೀವಿ ಅಮ್ಮಾ" ಎಂದು ಹೊರಟಳು. ಒಳ್ಳೆಯ ಮಕ್ಕಳು. ಅವರ ಕೈಯಲ್ಲಿ ಕೂಗುವ ಕೊಳವೆ ಇದ್ದುದನ್ನು ನಾನು ನೋಡಿದ್ದೆ, ಆದರೆ ಅದರೊಳಗೆ ಏನು ಕೂಗುತ್ತಾರೆ ಎಂಬುದು ಹೊಳೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅದು ಕೇಳಿಸಿತು. ತಗಡಿನ ದನಿ, ಮಂಜಿನೊಳಗಿಂದ.

"ಬು ತುಗಿನೆಮ್! ಬು ತುಗಿನೆಮ್!"

ಬು ಎಂದರೆ ಅಮ್ಮ, ಮರ್ಯಾದೆಯ ಮಾತು, ಆದರೆ ಆಮೇಲಿನದು ಅವಳ ನಿಜವಾದ ಹೆಸರು! ಒಲೆಯನ್ನು ಆ ಕನ್ನಡಕದವನಿಗೆ ಒಪ್ಪಿಸಿ, "ಆರಿದ್ರೆ ನಿನ್ನ ಕಾಲು ಮುರೀತೀನಿ" ಎಂದು ಹತ್ತಲು ಶುರು ಮಾಡಿದೆ.

ನನ್ನ ಮಂಡಿಗಳು ಇತ್ತೀಚೆಗೆ ನನ್ನ ಮಾತು ಕೇಳುವುದಿಲ್ಲ. ಎರಡನೇ ತಂಗುದಾಣದಿಂದ ಮೇಲೆ ಹೋಗುವುದನ್ನೇ ಬಿಟ್ಟಿದ್ದೆ. ಅವತ್ತು ಹೇಗೆ ಹತ್ತಿದೆನೋ, ಬಿಸ್ಮಿಲ್ಲಾ ಎಂದು ಬೇರು ಹಿಡಿದು, ಕಲ್ಲು ಹಿಡಿದು ಹತ್ತಿದೆ. ಆ ಕೊಳವೆ ಕೂಗುತ್ತಲೇ ಇತ್ತು. ಮೂರನೇ ತಂಗುದಾಣದಲ್ಲಿ ತುಗಿನೆಮ್‌ಳ ಅಂಗಡಿ ಸೂರಿಲ್ಲದೆ ನಿಂತಿತ್ತು. ಬಾಣಲೆಯಲ್ಲಿ ಮಳೆ ನೀರು ತುಂಬಿ, ಬಜ್ಜಿಗಳು ಅದರಲ್ಲಿ ತೇಲುತ್ತಿದ್ದವು. ಬೆಳಿಗ್ಗೆ ಮಾತಾಡಿಸಿಕೊಂಡ ಬುಟ್ಟಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ಮರಳಿನ ಅಂಚಿನಲ್ಲಿ ವೆನಿಂಗ್ ಸಿಕ್ಕಳು.

"ಹೆಸರು ಕೂಗಬೇಡ್ರೇ! ನಿಲ್ಲಿಸ್ರೇ ಅದನ್ನ!" ಎಂದೆ, ಉಸಿರು ಸಾಲದೆ.

"ಅಮ್ಮಾ, ನೀವ್ಯಾಕೆ ಬಂದ್ರಿ? ಕೂಗದೆ ಈ ಮಂಜಲ್ಲಿ ಹುಡುಕೋದು ಹೇಗೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ಅವರು ಮೇಲೇ ಇದಾರೆ. ಮರಳು ಜಾರೋ ಸದ್ದು ಎರಡು ಸಲ ಕೇಳಿಸ್ತು. ಆದ್ರೆ ಅರ್ಥ ಆಗ್ತಿಲ್ಲ, ನಾವು ಕೂಗಿದಷ್ಟೂ ಸದ್ದು ಇನ್ನೂ ದೂರ ಹೋಗ್ತಿದೆ" ಎಂದಳು.

"ಹೋಗದೆ ಏನ್ಮಾಡ್ತಾಳೆ? ನೀವೇ ಓಡಿಸ್ತಾ ಇದೀರಿ ಅವಳನ್ನ!"

ಹೆಸರಿನ ವಿಷಯ ಹೇಳಿದೆ. ಅವರಲ್ಲೊಬ್ಬ ಹುಡುಗ ಮುಖ ಆಚೆ ತಿರುಗಿಸಿ ನಕ್ಕ. ವೆನಿಂಗ್ ನಗಲಿಲ್ಲ. ಮರಳಿನ ಮೇಲಿನ ಹೆಜ್ಜೆಗಳನ್ನು ನೋಡಿದಳು. ಹೆಜ್ಜೆಗಳು ನಮ್ಮಿಂದ ದೂರ, ಎಡಕ್ಕೆ, ಕೊರಕಲಿನ ಕಡೆಗೆ ಹೋಗಿದ್ದವು.

"ಸರಿ. ಏನಂತ ಕೂಗ್ಬೇಕು ಹೇಳಿ, ನಾವೇ ಕೂಗ್ತೀವಿ."

"ನಿಮ್ಮ ದನಿಗೆ ಅವಳು ಬರಲ್ಲ. ನಾನೇ ಕೂಗ್ಬೇಕು."

"ಹಾಗಾದ್ರೆ ಇದರಲ್ಲಿ ಕೂಗಿ," ಎಂದು ಕೊಳವೆ ಚಾಚಿದಳು.

"ಅದರಲ್ಲಿ ನನ್ನ ದನಿ ನನ್ನದಾಗಿರಲ್ಲ ಮಗಾ."

ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಆ ಮರಳಿನಲ್ಲಿ ಒಂದು ಹೆಜ್ಜೆ ಹತ್ತಿದರೆ ಅರ್ಧ ಜಾರುತ್ತದೆ. ಮಂಜಿನಲ್ಲಿ ನನ್ನ ಕಾಲೇ ನನಗೆ ಕಾಣಲಿಲ್ಲ. ಮೂಗಿಗೆ ಆಗಲೇ ಗಂಧಕ ಬಡಿಯುತ್ತಿತ್ತು, ನಾಲಿಗೆಯ ಮೇಲೆ ಹುಳಿ ಹತ್ತಿದಂತಾಯಿತು. ಹೆಜ್ಜೆಗಳು ಬಂಡೆಗಳ ನಡುವೆ ಅಳಿಸಿಹೋದ ಕಡೆ ನಾನು ನಿಂತೆ. ಇಲ್ಲಿಂದ ಕೂಗಬೇಕು ಎಂದುಕೊಂಡೆ, ಬಾಯಿ ತೆರೆದೆ, ದನಿ ಬರಲಿಲ್ಲ. ಆರು ವರ್ಷ ಕೆಟಲಿನ ಜೊತೆ ಮಾತಾಡಿದ ಗಂಟಲು ಅದು. ಓ ಎನ್ನದಿದ್ದರೆ? ಇಷ್ಟು ಜನರ ಮುಂದೆ ಕೂಗಿ, ಅವಳು ಓ ಎನ್ನದೆ ಹೋದರೆ? ತಂಗಿಯ ಜೀವ ಹೋಗುವ ಹೊತ್ತಿನಲ್ಲಿ ನನಗೆ ನನ್ನ ಮುಖದ ಚಿಂತೆ. ಆ ಯೋಚನೆಗೆ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ದನಿ ತಾನಾಗಿ ಕಿತ್ತುಕೊಂಡು ಬಂತು.

"ಸೀಕಲೂ!"

ಎಲ್ಲೋ ಎಡಗಡೆ ಜಾರುತ್ತಿದ್ದ ಮರಳಿನ ಸದ್ದು ನಿಂತಿತು. ಆಮೇಲೆ ಏನೂ ಇಲ್ಲ.

ನಕ್ಕ ಹುಡುಗ, "ಇಲ್ಲ ಅನ್ಸತ್ತೆ" ಎಂದು ಪಿಸುಗುಟ್ಟಿದ. ಇದ್ದಾಳೆ. ನನಗೆ ಆ ಮೌನ ಗೊತ್ತಿತ್ತು, ಸೂರಿನಿಂದ ಹೊಗೆ ಬರುತ್ತಿದ್ದ ಆ ದಿನ ಅವಳ ಬಾಗಿಲ ಮುಂದೆ ಇದೇ ಮೌನವನ್ನು ಕೇಳಿದ್ದೆ. ಅಂದು ತಿರುಗಿ ಬಂದಿದ್ದೆ. ಎದೆ ತುಂಬ ಉಸಿರೆಳೆದುಕೊಂಡೆ, ಗಂಧಕ ಗಂಟಲಿಗೆ ಹತ್ತಿ ಕೆಮ್ಮಿದೆ, ಕೆಮ್ಮುತ್ತಲೇ ಕೂಗಿದೆ.

"ಸೀಕಲೂ! ಏ ಸೀಕಲೂ!"

"ಯಾರೂ?"

ಸಣ್ಣ ದನಿ, ನಿದ್ದೆಗಣ್ಣಿನವರ ದನಿ.

"ಮೋಟು ಪೊರಕೆ!" ಎಂದು ಕೂಗಿದೆ. ಹಿಂದಿನಿಂದ ಹುಡುಗ ಮತ್ತೆ ಕಿಸಕ್ಕೆಂದ, ವೆನಿಂಗ್ ಅವನಿಗೆ ಮೊಣಕೈಯಿಂದ ತಿವಿದಳು.

ಅಷ್ಟು ಹೊತ್ತೂ ತನ್ನ ನಿಜವಾದ ಹೆಸರನ್ನು ತಗಡಿನ ದನಿಯಲ್ಲಿ ಕೇಳಿಸಿಕೊಂಡು ಓಡಿದವಳು, ಇದನ್ನೂ ಸುಲಭಕ್ಕೆ ನಂಬುವ ಹಾಗಿರಲಿಲ್ಲ.

"ಮೋಟು ಪೊರಕೆ ಆದ್ರೆ ಹೇಳು," ಎಂದಿತು ಆ ದನಿ. "ನಿನ್ನ ಎಣ್ಣೆ ಹೊಸದಾ, ಹಳೇದಾ?"

ಬೇರೆ ದಿನವಾಗಿದ್ದರೆ ನಾನು ಏನೆನ್ನುತ್ತಿದ್ದೆನೋ.

"ಹಳೇದು ಕಣೇ!" ಎಂದು ಕಿರುಚಿದೆ. "ಹಳೇದು! ಮೂರು ದಿನದ್ದು! ಕಪ್ಪಗಿದೆ! ತಗ್ಗಲ್ಲಿ ಕೂತಿದ್ರೆ ಎದ್ದು ಮೇಲೆ ನಿಂತ್ಕೊಳ್ಳೇ ಮೊದ್ಲು!"

ಮಂಜಿನೊಳಗಿಂದ ನಗುವೋ ಅಳುವೋ ಬಂತು. "ಈಗ ಜಾರಿ ಬಿದ್ದು ಕಾಲು ಉಳುಕಿದೆ ಅಕ್ಕಾ, ಏಳೋಕಾಗ್ತಿಲ್ಲ," ಎಂದಳು.

"ಹಾಗಾದ್ರೆ ಮಾತಾಡ್ತಾನೇ ಇರು. ಬಾಯಿ ಮುಚ್ಚಿದ್ರೆ ನೋಡು. ನನ್ನನ್ನ ಬಯ್ಯಿ, ಆರು ವರ್ಷದ್ದು ಬಾಕಿ ಇದೆಯಲ್ಲ."

ಅವಳು ಬಯ್ದಳು. ನನ್ನ ಬಜ್ಜಿ ಚಪ್ಪಲಿಯಂತಿದೆ ಎಂದಳು, ನನ್ನ ಕಷಾಯದಲ್ಲಿ ಶುಂಠಿ ಹುಡುಕಬೇಕು ಎಂದಳು, "ಮದುವೆಮನೇಲಿ ಅಷ್ಟು ಜನರ ಮುಂದೆ ನನ್ನ ಗಂಡನ ಮಾತು ಎತ್ತಿದೆಯಲ್ಲೇ ಪಾಪಿ" ಎಂದಳು. ಅಲ್ಲಿಗೆ ಬಂದಾಗ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಬೈಗುಳದ ದಾರಿ ಹಿಡಿದು ವೆನಿಂಗ್ ಮತ್ತು ಹುಡುಗರು ಬಂಡೆಗಳನ್ನು ಸುತ್ತಿ ಹೋದರು, ನಾನು ಹಗ್ಗದ ಕೊನೆಯಲ್ಲಿ ತೆವಳಿದೆ. ಕೊರಕಲಿನ ಅಂಚಿಗೆ ಒಂದು ಹಾಸುಬಂಡೆ, ಅದರ ಕೆಳಗಿನ ತಗ್ಗಿನಲ್ಲಿ ಕೂತಿದ್ದಳು. ಒಂದು ಚಪ್ಪಲಿ ಇಲ್ಲ, ಕಣ್ಣು ಕೆಂಡದಂತಾಗಿ ನೀರು ಸುರಿಯುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ನಾಲ್ಕು ಜನ ಎತ್ತಿ ಮೇಲಕ್ಕೆ ತಂದರು.

"ಆ ಕನ್ನಡಕದ ಹುಡುಗ ಸಿಗ್ಲೇ ಇಲ್ಲ," ಎಂದಳು ಮೊದಲ ಮಾತಿಗೆ. "ಅವರಮ್ಮಂಗೆ ಏನು ಹೇಳೋದು?"

"ನನ್ನ ಅಂಗಡೀಲಿ ಬಿಸ್ಕತ್ತು ತಿಂತಾ ಕೂತಿದಾನೆ."

ನನ್ನನ್ನೇ ನೋಡಿದಳು. ಆರು ವರ್ಷಗಳಲ್ಲಿ ಮೊದಲ ಸಲ, ನೇರವಾಗಿ ಮುಖಕ್ಕೆ. ಆಮೇಲೆ ನನ್ನ ಭುಜಕ್ಕೆ ಹಣೆ ಒರಗಿಸಿದಳು. ಮಳೆ, ಮರಳು, ಗಂಧಕ ಎಲ್ಲದರ ವಾಸನೆ ಅವಳ ಕೂದಲಿಗಿತ್ತು. ನಾನು ಅವಳನ್ನು ಹಿಡಿದುಕೊಂಡು ಜೋರಾಗಿ ಅತ್ತೆ, ಮಕ್ಕಳ ಎದುರಿಗೇ.

ಮೂರನೇ ತಂಗುದಾಣಕ್ಕೆ ಇಳಿಸಿದ ಮೇಲೆ ಹುಡುಗರು ಎರಡು ಬಿದಿರು ಕಡಿದು ಹೊರುವ ಏರ್ಪಾಡಿಗೆ ತೊಡಗಿದರು. ಗಾಳಿ ಮತ್ತೆ ಎದ್ದಿತು, ಮಂಜು ಹರಿದು ಕೆಳಗಿನ ಊರು ಕಾಣಿಸಿತು, ಸಂಜೆಯ ಬಾಂಗು ತೇಲಿ ಬಂತು. ನಾನು ಅವಳ ಒಲೆ ಹೊತ್ತಿಸಲು ಒದ್ದೆ ಸೌದೆ ಊದುತ್ತಿದ್ದೆ.

"ಮೊದ್ಲು ಕೂಗಿದ್ದು ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು. ನಿನ್ನ ದನೀನೇ ಅಂತ ಗೊತ್ತಾಯ್ತು."

"ಗೊತ್ತಾದ್ಮೇಲೆ ಓ ಅನ್ನೋಕೇನು? ನನ್ನ ಜೀವ ಅರ್ಧ ಹೋಗಿತ್ತು."

"ಮೊದಲ್ನೇದಕ್ಕೆ ಓ ಅನ್ನಬಾರದು ಅಂತ ನೀನೇ ಕಲಿಸಿದ್ದು." ಉಳುಕಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವತ್ತು ಮನೆ ಹತ್ರ ಬಂದಾಗ್ಲೂ ಕೇಳಿಸಿತ್ತು ಅಕ್ಕ. ಅಗುಳಿ ಮೇಲೆ ಕೈ ಇಟ್ಕೊಂಡು ನಿಂತಿದ್ದೆ."

"ಅದು ಮನೆ ಕಣೇ, ಬೆಟ್ಟ ಅಲ್ಲ! ಮನೇಲಿ ಎಲ್ಲಿಯ ನಿಯಮ?"

"ನಿಯಮ ಅಂತಲ್ಲ. ಇನ್ನೊಂದ್ಸಲ ಕರೀತೀಯೇನೋ ಅಂದ್ಕೊಂಡೆ. ಹೆಜ್ಜೆ ಸದ್ದು ದೂರ ಹೋಯ್ತು."

ನಾನು ಸೌದೆ ಊದಿದೆ. ಹೊಗೆ ಬಂತು, ಬೆಂಕಿ ಬರಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಂಬಬಹುದು, ಅವಳು ನಂಬಲಿಲ್ಲ.

"ಬಾಗಿಲು ತೆಗೆದಿದ್ರೆ ಏನಾಗ್ತಿತ್ತು ನಿಂಗೆ?" ಎಂದೆ.

"ಇನ್ನೊಂದ್ಸಲ ಕರೆದಿದ್ರೆ ಏನಾಗ್ತಿತ್ತು ನಿಂಗೆ?" ಎಂದಳು.

ಅಷ್ಟರಲ್ಲಿ ವೆನಿಂಗ್ ಬಂದು ಬಿದಿರಿನ ಕುರ್ಚಿ ಸಿದ್ಧ ಎಂದಳು. ನಗುತ್ತಿದ್ದ ಆ ಹುಡುಗ ಈಗ ಗಂಭೀರವಾಗಿ, "ಬು ಸೀಕಲು, ನಿಧಾನಕ್ಕೆ ಕೂತ್ಕೊಳ್ಳಿ" ಎಂದ. ತುಗಿನೆಮ್ ನನ್ನನ್ನು ನೋಡಿದಳು, ನಾನು ಅವಳನ್ನು.

"ಕೆಡಿಸಿದ ನೋಡು," ಎಂದೆ.

"ಹೋಗ್ಲಿ ಬಿಡು. ಹಳೇದಾಗಿತ್ತು," ಎಂದಳು.

ಇಳಿಯುವ ದಾರಿಯಲ್ಲಿ ಅವಳು ಕುರ್ಚಿಯ ಮೇಲಿಂದ ಬಗ್ಗಿ ನನ್ನ ಕಿವಿಯಲ್ಲಿ ನನಗೊಂದು ಹೊಸ ಹೆಸರು ಕೊಟ್ಟಳು. ಅತಿ ಕೆಟ್ಟ ಹೆಸರು, ಎಣ್ಣೆಗೆ ಸಂಬಂಧಪಟ್ಟದ್ದು. ನಾನೂ ಬಿಡಲಿಲ್ಲ, ಅವಳಿಗೊಂದು ಕೊಟ್ಟೆ. ಆ ಎರಡನ್ನೂ ನಿಮಗೆ ಹೇಳುವ ಹಾಗಿಲ್ಲ.

ಅವಳ ಕಾಲು ವಾಸಿಯಾಗುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ಹೊಸ ಟಾರ್ಪಾಲು ಸುತ್ತಿಕೊಂಡು, ಬುಟ್ಟಿ ಹೊತ್ತು, ಹಣೆ ನೆಲಕ್ಕೆ ತಾಗುವಂತೆ ಬಾಗಿಕೊಂಡು ಬಂದಳು. ಗೊರವಂಕಗಳು ತಗಡಿನ ಮೇಲೆ ಗಲಾಟೆ ಮಾಡುತ್ತಿದ್ದವು, ತುದಿಯಲ್ಲಿ ಟೋಪಿಯಿರಲಿಲ್ಲ. ನನ್ನತ್ತ ತಿರುಗದೆ, ಎಂದಿನಂತೆ ಒಲೆಯನ್ನು ದಾಟಿ ಹೋದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅವಳ ಹೊಸ ಹೆಸರು ಹಿಡಿದು ಕರೆದೆ.

ನಿಂತಳು. ತಿರುಗಲಿಲ್ಲ, ಓ ಎನ್ನಲೂ ಇಲ್ಲ. ನಗು ತಡೆದುಕೊಂಡಿದ್ದಕ್ಕೆ ಬುಟ್ಟಿ ಅಲುಗುತ್ತಿತ್ತು. ಕಳ್ಳಿ.

ನಾನು ಸೌಟು ಕೆಳಗಿಟ್ಟು, ಎದ್ದು ದಾರಿಗೆ ಬಂದು, ಎರಡನೇ ಸಲ ಕರೆದೆ.